ಪುಟ್ಟಿಯ ಮೂಗು: ಒಂದು ವರ್ಷದ ಲೆಕ್ಕ

ಮೂಗಿನ ಆಪರೇಷನ್ ಆದ ಏಳನೇ ದಿನ ಪ್ಲಾಸ್ಟರ್ ಬಿಚ್ಚಿದರು. ಕನ್ನಡಿ ಕೈಗೆ ಕೊಟ್ಟರು. ಪುಟ್ಟಿ ಅರ್ಧ ನಿಮಿಷ ಸುಮ್ಮನೆ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬಂತು. ನರ್ಸ್ ಹುಡುಗಿ ಅದನ್ನು ಸಂತೋಷ ಅಂತ ತಿಳಿದು ನಕ್ಕಳು. ರಿಕ್ಷಾದಲ್ಲಿ ಕೂತ ಮೇಲೆ ಪುಟ್ಟಿ ಮೆಲ್ಲಗೆ ಅಂದಳು: "ಮೌಶಿ, ಇದು ನನ್ನ ಮೂಗೂ ಅಲ್ಲ, ನಾ ಕೇಳಿದ ಮೂಗೂ ಅಲ್ಲ. ಹಂದೀ ಮೂಗು ಆಗೇದ."

ಇದು ಬರುತ್ತದೆ ಅಂತ ನನಗೆ ಗೊತ್ತಿತ್ತು. ಮೊದಲೇ ಹೇಳಿಯೂ ಇದ್ದೆ. ಆದರೆ ಕಿವಿಯಿಂದ ಕೇಳುವುದು ಬೇರೆ, ಕನ್ನಡಿಯಲ್ಲಿ ಕಾಣುವುದು ಬೇರೆ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಇಲ್ಲೇ 28 ವರ್ಷ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದೆ. ಈಗ ನಿವೃತ್ತಿ. ಪುಟ್ಟಿ ನನ್ನ ಅಕ್ಕನ ಮಗಳು, ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಕೋಥ್ರೂಡಿನ ನಮ್ಮ ಮನೆಯಲ್ಲಿ ವಾಸ. ಈ ಕಥೆ ನಡೆದಾಗ ಅವಳಿಗೆ 26. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಮನೆಯಲ್ಲಿ ಕರೆಯುವ ಹೆಸರು ಸಾಕು ಅಂದಳು.

ಮೂಗಿನ ಆಪರೇಷನ್ ಅಂದರೆ ಮೊಬೈಲಿನಲ್ಲಿ ಸಿಗುವುದು ಎರಡೇ ಫೋಟೋ, ಮೊದಲಿನದು ಮತ್ತು ಆಮೇಲಿನದು. ನಡುವಿನ ತಿಂಗಳುಗಳನ್ನು ಯಾರೂ ತೋರಿಸುವುದಿಲ್ಲ. ನಾನು ಬರೆಯಲು ಹೊರಟಿದ್ದು ಆ ನಡುವಿನದು.

ಅಜ್ಜಿಯ ಮೂಗು

ನಮ್ಮ ಅವ್ವನ ಮೂಗಿನ ಮೇಲೆ ನಡುವೆ ಒಂದು ಉಬ್ಬು ಇದೆ. ತುದಿ ಸ್ವಲ್ಪ ಕೆಳಗೆ ಬಾಗಿದೆ. ನನಗೆ ಬಂದಿಲ್ಲ, ಅಕ್ಕನಿಗೂ ಬಂದಿಲ್ಲ. ನೇರ ಮೊಮ್ಮಗಳಿಗೆ ಇಳಿದಿದೆ. ಶಾಲೆಯಲ್ಲಿ ಪುಟ್ಟಿಯನ್ನು 'ಗಿಣಿ' ಅನ್ನುತ್ತಿದ್ದರಂತೆ. ಆ ಹೆಸರು ಕಾಲೇಜಿಗೂ ಹೋಯಿತು. ಕೆಲಸಕ್ಕೆ ಸೇರಿದ ಮೇಲೆ ಯಾರೂ ಅನ್ನಲಿಲ್ಲ, ಆದರೆ ಅವಳ ತಲೆಯಿಂದ ಹೋಗಿರಲಿಲ್ಲ. ಫೋಟೋಗೆ ಯಾವಾಗಲೂ ಎದುರು ಮುಖ. ವಿಡಿಯೋ ಮೀಟಿಂಗಿನಲ್ಲಿ ಪಕ್ಕಕ್ಕೆ ತಿರುಗುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಒಂದೇ ಮನೆಯಲ್ಲಿ ಎರಡು ವರ್ಷ ಇದ್ದರೂ ನಾನು ಗಮನಿಸಿರಲಿಲ್ಲ.

ಪುಟ್ಟಿಯ ಆಪರೇಷನ್ ವಿಷಯ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ಒಂದೇ ಮಾತು ಅಂದಳು: "ದೇವರು ಕೊಟ್ಟ ಮೂಗು ಕುಯ್ಯಸ್ತೀರೇನ?"

ಅವಳಿಗೆ ನಾನು ಪುಣೆಯ ಒಂದು ಹಳೆಯ ಕಥೆ ಹೇಳಿದೆ. ಇದು ದಾಖಲೆಯಾದ ಸಂಗತಿ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠ ರೈತ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷ ಅವನು ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಇಟ್ಟು ಗೆರೆ ಎಳೆದ. ಅಷ್ಟು ಚರ್ಮವನ್ನು ಬಿಡಿಸಿದ. ಹುಬ್ಬಿನ ನಡುವೆ ಒಂದು ಎಳೆ ಮಾತ್ರ ಹಾಗೇ ಬಿಟ್ಟು, ಚರ್ಮವನ್ನು ತಿರುಗಿಸಿ ಕೆಳಗೆ ಕೂರಿಸಿದ. ಮೇಲೆ ಕಾಚು ಹಚ್ಚಿದ. ಸುಮಾರು 25 ದಿನದ ಮೇಲೆ ಆ ಎಳೆಯನ್ನು ಕತ್ತರಿಸಿದ. ಇದನ್ನು ನೋಡಿದ ಇಂಗ್ಲಿಷ್ ವೈದ್ಯರ ಸಾಕ್ಷಿಯೊಂದಿಗೆ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಸರ್ಜನ್ 20 ವರ್ಷದ ಮೇಲೆ, 1814ರಲ್ಲಿ, ಲಂಡನ್ನಿನಲ್ಲಿ ಅದೇ ರೀತಿ ಮಾಡಿದ. ಹಣೆಯ ಚರ್ಮದಿಂದ ಮೂಗು ಕಟ್ಟುವ ಈ ದಾರಿ ಇವತ್ತಿಗೂ ಬಳಕೆಯಲ್ಲಿದೆ. ನಾನೇ ಥಿಯೇಟರಿನಲ್ಲಿ ಅದಕ್ಕೆ ಟ್ರೇ ಜೋಡಿಸಿಕೊಟ್ಟಿದ್ದೇನೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅಂತ ನಮ್ಮಲ್ಲಿ ಗಾದೆ. ಶ್ರೀರಂಗಪಟ್ಟಣದ ಕಡೆ ಹೋದ ಮೂಗು ಪುಣೆಯಲ್ಲಿ ಬಂತು ನೋಡು ಅಂದೆ. ಅಕ್ಕ ನಗಲಿಲ್ಲ. "ಅವನ ಮೂಗು ಹೋಗಿತ್ತು, ಇಕೀದು ಐತೆಲ್ಲ" ಅಂದಳು. ಅವಳ ಮಾತಿನಲ್ಲೂ ಅರ್ಥವಿದೆ ಅಲ್ವಾ? ಹೋದದ್ದನ್ನು ಕಟ್ಟುವುದು ಬೇರೆ, ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ಮುಟ್ಟುವುದು ಬೇರೆ. ಹಾಗಾಗಿಯೇ ಇಂಥ ಆಪರೇಷನ್ನಿಗೆ ಮೊದಲು ಮಾತು ಜಾಸ್ತಿ ಬೇಕು.

ಎರಡು ಬಾಗಿಲು

ಮೊದಲು ಅವಳು ನನಗೆ ಹೇಳದೆ ಒಬ್ಬಳೇ ಒಂದು ಕ್ಲಿನಿಕ್ಕಿಗೆ ಹೋಗಿ ಬಂದಿದ್ದಳು. ಅಲ್ಲಿ ಡಾಕ್ಟರ್ ಸಿಗುವ ಮೊದಲೇ 'ಕೌನ್ಸೆಲರ್' ಸಿಕ್ಕಳು. ಹತ್ತು ನಿಮಿಷದಲ್ಲಿ ಕಂಪ್ಯೂಟರಿನಲ್ಲಿ ಪುಟ್ಟಿಯ ಫೋಟೋಗೆ ಹೊಸ ಮೂಗು ಕೂರಿಸಿ ತೋರಿಸಿದಳು. ಈ ವಾರ ಬುಕ್ ಮಾಡಿದರೆ ರಿಯಾಯಿತಿ ಅಂದಳು. ಕುಯ್ಯುವುದೇ ಬೇಡ ಅಂದರೆ ಫಿಲ್ಲರ್ ಇಂಜೆಕ್ಷನ್ ಇದೆ, ಊಟದ ಬಿಡುವಿನಲ್ಲಿ ಆಗಿಹೋಗುತ್ತದೆ ಅಂದಳು.

ಫಿಲ್ಲರ್ ಬಗ್ಗೆ ಎರಡು ಮಾತು. ಉಬ್ಬಿನ ಮೇಲೆ ಮತ್ತು ಕೆಳಗೆ ಒಂದು ಜೆಲ್ ತುಂಬಿಸಿ ಗೆರೆ ನೇರ ಕಾಣುವಂತೆ ಮಾಡುತ್ತಾರೆ. ಅಂದರೆ ಮೂಗು ಸಣ್ಣದಾಗುವುದಿಲ್ಲ, ದೊಡ್ಡದಾಗುತ್ತದೆ. ಕಾಲ ಕಳೆದಂತೆ ಕರಗಿಯೂ ಹೋಗುತ್ತದೆ. ಆ ಜೆಲ್ ರಕ್ತನಾಳದೊಳಗೆ ಹೋದರೆ ಚರ್ಮ ಕಪ್ಪಾಗಿ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಊಟದ ಬಿಡುವಿನ ಕೆಲಸ ಅಂತೂ ಅಲ್ಲ.

ಎರಡನೇ ಸಲ ನಾನು ಜೊತೆಗೆ ಹೋದೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಎಂಬ ಉನ್ನತ ಪದವಿ ಮಾಡಿದ, ಮೂಗಿನ ಕೆಲಸವನ್ನೇ ಹೆಚ್ಚಾಗಿ ಮಾಡುವ ಮರಾಠಿ ಡಾಕ್ಟರ್. ಅವರು ಕಂಪ್ಯೂಟರ್ ತೆಗೆಯಲೇ ಇಲ್ಲ. ಕೈಗೆ ಕನ್ನಡಿ ಕೊಟ್ಟು "ಏನು ಬೇಜಾರು? ಒಂದೇ ಒಂದು ಹೇಳು" ಅಂದರು. ಪುಟ್ಟಿ ಉಬ್ಬು ತೋರಿಸಿದಳು. ಎರಡನೆಯದು? ತುದಿ ದಪ್ಪ ಇದೆ ಅಂದಳು. ಯಾವಾಗಿನಿಂದ ಹೀಗೆ ಅನ್ನಿಸುತ್ತಿದೆ, ದಿನಕ್ಕೆ ಎಷ್ಟು ಸಲ ಕನ್ನಡಿ ನೋಡುತ್ತೀ, ಯಾರಾದರೂ ಒತ್ತಾಯ ಮಾಡಿದರಾ, ಮೂಗು ಸರಿಯಾದರೆ ಏನು ಬದಲಾಗುತ್ತದೆ ಅಂದುಕೊಂಡಿದ್ದೀ? ಇವು ಹರಟೆಯ ಪ್ರಶ್ನೆಗಳಲ್ಲ. ಬೇರೆಯವರಿಗೆ ಕಾಣದ ಊನವನ್ನೇ ದಿನವಿಡೀ ನೋಡುತ್ತ ಕೊರಗುವ ಒಂದು ಮಾನಸಿಕ ಕಾಯಿಲೆ ಇದೆ. ಅಂಥವರಿಗೆ ಎಷ್ಟು ಆಪರೇಷನ್ ಮಾಡಿದರೂ ಸಮಾಧಾನ ಆಗುವುದಿಲ್ಲ. ಒಳ್ಳೆಯ ಸರ್ಜನ್ ಅಂಥವರಿಗೆ ಚಾಕು ಮುಟ್ಟಿಸುವುದಿಲ್ಲ.

ಪುಟ್ಟಿ ಉತ್ತರ ಹೇಳಿದಳು: "ಪಕ್ಕಕ್ಕೆ ತಿರುಗಿ ಮಾತಾಡಬೇಕು. ಅಷ್ಟೇ."

ಆಮೇಲೆ ಅವರು ಟಾರ್ಚ್ ಹಿಡಿದು ಒಳಗೆ ನೋಡಿದರು. ಮೂಗಿನ ನಡುಗೋಡೆ ಎಡಕ್ಕೆ ಬಾಗಿತ್ತು. ಎಡ ಹೊಳ್ಳೆಯಲ್ಲಿ ಉಸಿರು ಅರ್ಧಕ್ಕರ್ಧ ಇಲ್ಲ. ಅವಳು ಹುಟ್ಟಿದಾಗಿನಿಂದ ಹಾಗೇ ಉಸಿರಾಡಿದ್ದಕ್ಕೆ ಅದೇ ಸರಿ ಅಂದುಕೊಂಡಿದ್ದಳು. ಬಾಯಿ ತೆರೆದು ಮಲಗುತ್ತಾಳೆ ಅಂತ ನಾವು ನಗುತ್ತಿದ್ದೆವು.

ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿದರು. ಚರ್ಮ ದಪ್ಪ ಅಂದರು. ಒಳಗಿನ ಮೆತ್ತನೆ ಮೂಳೆಯನ್ನು ಎಷ್ಟು ನಾಜೂಕಾಗಿ ಕೆತ್ತಿದರೂ ಮೇಲೆ 'ಗೋಧಡಿ' ಹೊದಿಸಿದರೆ ಏನು ಕಾಣುತ್ತದೆ ಅಂತ ಕೇಳಿದರು. ಗೋಧಡಿ ಅಂದರೆ ನಮ್ಮ ಕೌದಿ. ತೆಳು ಸೀರೆಯಡಿ ಆಕಾರ ಕಾಣುತ್ತದೆ, ಕೌದಿಯಡಿ ಕಾಣುವುದಿಲ್ಲ. ನಮ್ಮ ದೇಶದ ಎಷ್ಟೋ ಜನರ ಮೂಗು ಕೌದಿ ಹೊದ್ದ ಮೂಗೇ. ಉಬ್ಬು ಪೂರ್ತಿ ತೆಗೆಯಬಹುದು, ಉಸಿರು ಸರಿ ಮಾಡಬಹುದು, ತುದಿ ಸ್ವಲ್ಪ ಮಾತ್ರ ಚಿಕ್ಕದಾದೀತು, ನೀನು ಮೊಬೈಲಿನಲ್ಲಿ ತೋರಿಸಿದ ನಟಿಯ ಹಾಗಲ್ಲ ಅಂದರು. ನೂರಕ್ಕೆ ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ, ಆ ಕೆಲವರಲ್ಲಿ ನೀನೂ ಇರಬಹುದು ಅಂತಲೂ ಅಂದರು.

ಹೊರಗೆ ಬಂದ ಮೇಲೆ ಪುಟ್ಟಿಯ ಮುಖ ಸಪ್ಪಗಾಗಿತ್ತು. ಮೊದಲನೇ ಕ್ಲಿನಿಕ್ ಎಲ್ಲಾ ಆಗುತ್ತದೆ ಅಂದಿತ್ತು. ಇವರು ಅರ್ಧ ಆಗುವುದಿಲ್ಲ ಅಂದರು. ನನಗೆ ಈ ಡಾಕ್ಟರ್ ಹಿಡಿಸಿದ್ದು ಅದಕ್ಕೇ. ಆದರೆ ನಾನು ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳು ಅವಳೇ ಯೋಚನೆ ಮಾಡಿದಳು.

ಮೂಗಿಗಿಂತ ಮೂಗುತಿ ಭಾರ

ಹಣದ ವಿಷಯ ಬೇಗ ಮುಗಿಸುತ್ತೇನೆ, ಆದರೆ ಬಿಡುವ ಹಾಗಿಲ್ಲ. ಬರೀ ಚಂದಕ್ಕೆ ಮಾಡಿಸಿದರೆ ವಿಮೆ ಕೊಡುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಸರಿಪಡಿಸುವುದು ಬೇರೆ ಮಾತು. ಇನ್ನೊಂದು ವಿಷಯ ಜನರಿಗೆ ಬಿಲ್ ನೋಡಿದಾಗಲೇ ಗೊತ್ತಾಗುವುದು. ಆಸ್ಪತ್ರೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ, ಚಂದಕ್ಕೆ ಮಾಡುವ ಸರ್ಜರಿಗೆ ಶೇ. 18 ಇದೆ. ಒಂದು ಲಕ್ಷದ ಮೇಲೆ 18,000. 'ಪ್ಯಾಕೇಜ್' ಅಂತ ಹೇಳುವಾಗ ಇದನ್ನು ಬಾಯಿ ಬಿಟ್ಟು ಹೇಳುವವರು ಕಡಿಮೆ.

ಪುಟ್ಟಿಯ ಆಸ್ಪತ್ರೆ ಎರಡು ಬಿಲ್ ಮಾಡಿತು. ನಡುಗೋಡೆ ನೇರ ಮಾಡಿದ ಭಾಗ ಚಿಕಿತ್ಸೆ. ಅದಕ್ಕೆ ಸ್ಕ್ಯಾನ್ ಮತ್ತು ಪರೀಕ್ಷೆಯ ವರದಿ ಇಟ್ಟು ಅರ್ಜಿ ಹಾಕಿದಾಗ ಅವಳ ಕಂಪನಿಯ ವಿಮೆ ಒಪ್ಪಿಕೊಂಡಿತು. ಉಬ್ಬು ಮತ್ತು ತುದಿಯ ಭಾಗ ಅವಳ ಕೈಯಿಂದ, ತೆರಿಗೆ ಸಮೇತ. ಇಲ್ಲಿ ಒಂದು ಕಿವಿಮಾತು. ಇಲ್ಲದ ಉಸಿರಾಟದ ತೊಂದರೆಯನ್ನು ಬರೆಸಿ ಪೂರ್ತಿ ವಿಮೆಗೆ ಹಾಕೋಣ ಅನ್ನುವವರು ಸಿಗುತ್ತಾರೆ. ಅದು ಮೋಸ. ವಿಮೆಗೆ ಸುಳ್ಳು ಬರೆಯುವವನು ನಿಮಗೂ ಸುಳ್ಳು ಹೇಳುತ್ತಾನೆ.

ಜೂನ್ ಮೊದಲ ವಾರ

ದಿನ ಗೊತ್ತಾಗಿತ್ತು, ಒಂದು ವಾರ ಮುಂದಕ್ಕೆ ಹೋಯಿತು. ಕಾರಣ ಒಂದು ಮಾತ್ರೆ. "ಏನಾದರೂ ಮಾತ್ರೆ ತಗೊಳ್ತೀಯಾ?" ಅಂತ ಕೇಳಿದಾಗ ಪುಟ್ಟಿ ಇಲ್ಲ ಅಂದಿದ್ದಳು. ಮಾತ್ರೆ ಅಂದರೆ ಬಿಪಿ, ಶುಗರಿನದು ಅಂತ ಜನ ತಿಳಿಯುತ್ತಾರೆ. ಅವಳು ಮುಟ್ಟಿನ ನೋವಿಗೆ ಮಾತ್ರೆ ನುಂಗುತ್ತಿದ್ದಳು. ಆ ಜಾತಿಯ ನೋವಿನ ಮಾತ್ರೆಗಳು, ಆಸ್ಪಿರಿನ್, ವಿಟಮಿನ್ ಇ, ಮೀನೆಣ್ಣೆ ಕ್ಯಾಪ್ಸೂಲ್, ಇವೆಲ್ಲ ರಕ್ತಸ್ರಾವ ಜಾಸ್ತಿ ಮಾಡಬಹುದು. ಎರಡು ವಾರ ಮೊದಲೇ ಬಿಡಬೇಕು ಅನ್ನುವುದು ಸಾಮಾನ್ಯ ರೂಢಿ. ಆದರೆ ಹೃದಯಕ್ಕೆ ಅಂತ ಕೊಟ್ಟ ಆಸ್ಪಿರಿನ್ನನ್ನು ಡಾಕ್ಟರನ್ನು ಕೇಳದೆ ಯಾರೂ ಬಿಡಬಾರದು. ಸಿಗರೇಟು ಸೇದುವವರು ಕಡಿಮೆ ಎಂದರೂ ನಾಲ್ಕು ವಾರ ನಿಲ್ಲಿಸಬೇಕು, ಇಲ್ಲದಿದ್ದರೆ ಗಾಯ ಸರಿಯಾಗಿ ಒಣಗದೆ ಹೋಗಬಹುದು.

ಹಿಂದಿನ ರಾತ್ರಿ ಮೂಗುಬಟ್ಟು ತೆಗೆಯಲು ಒಂದು ಗಂಟೆ ಒದ್ದಾಡಿದೆವು. ಅವಳ ಅಜ್ಜಿ ಧಾರವಾಡದಲ್ಲಿ ಮಾಡಿಸಿಕೊಟ್ಟಿದ್ದು, ತಿರುಪಿನದು. ಹತ್ತು ವರ್ಷ ತೆಗೆದಿರಲಿಲ್ಲ. ಸೋಪಿನ ನೀರು ಹಚ್ಚಿ ಹಚ್ಚಿ ಕೊನೆಗೆ ಬಂತು. ಅದನ್ನು ಅರಿಶಿನ ಕುಂಕುಮದ ಡಬ್ಬಿಯಲ್ಲಿ ಇಟ್ಟೆ.

ಆಪರೇಷನ್ ಪೂರ್ತಿ ಅರಿವಳಿಕೆಯಲ್ಲಿ, ಎರಡೂವರೆ ಗಂಟೆ. ಎರಡು ಹೊಳ್ಳೆಗಳ ನಡುವಿನ ಕಂಬದ ಮೇಲೆ ಚಿಕ್ಕ ಗಾಯ ಮಾಡಿ, ಮೂಗಿನ ಚರ್ಮವನ್ನು ಪರದೆಯ ಹಾಗೆ ಮೇಲೆತ್ತುತ್ತಾರೆ. ಮೂಗಿನ ಮೇಲ್ಭಾಗ ಮಾತ್ರ ಗಟ್ಟಿ ಮೂಳೆ, ಕೆಳಗಿನದೆಲ್ಲ ಕಿವಿಯಂಥ ಮೆತ್ತನೆ ಮೂಳೆ. ಉಬ್ಬು ಇವೆರಡೂ ಸೇರುವಲ್ಲಿ ಇರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದರೆ ಮೂಗಿನ ಬೆನ್ನು ಮಾಳಿಗೆ ಇಲ್ಲದ ಮನೆಯ ಹಾಗೆ ಮೇಲೆ ಅಗಲವಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಎರಡೂ ಪಕ್ಕದ ಮೂಳೆಯನ್ನು ಬೇಕೆಂದೇ ಮುರಿದು ಒಳಗೆ ಸರಿಸುತ್ತಾರೆ. ಕಣ್ಣಿನ ಕೆಳಗೆ ಕಪ್ಪಾಗುವುದು ಇದರಿಂದ. ಬಾಗಿದ ನಡುಗೋಡೆಯಿಂದ ತೆಗೆದ ತುಂಡನ್ನು ಬಿಸಾಡುವುದಿಲ್ಲ. ಪುಟ್ಟಿಗೆ ಅದರದೇ ಸಣ್ಣ ಪಟ್ಟಿ ಮಾಡಿ, ಉಸಿರಿನ ದಾರಿ ಕುಸಿಯದ ಹಾಗೆ ಒಳಗೆ ಆಧಾರ ಕೊಟ್ಟರು.

ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ಬಂದ ಅಕ್ಕ ಹೊರಗೆ ಜಪಮಾಲೆ ಹಿಡಿದು ಕೂತಿದ್ದಳು. ಎಚ್ಚರವಾದ ಮೇಲೆ ಪುಟ್ಟಿ ಕಪ್ಪಗೆ ವಾಂತಿ ಮಾಡಿದಳು. ಅಕ್ಕ ಹೌಹಾರಿದಳು. ಅದು ಗಂಟಲಿಗೆ ಇಳಿದು ಹೊಟ್ಟೆಗೆ ಹೋದ ರಕ್ತ, ಒಂದೆರಡು ಸಲ ಹಾಗಾಗುತ್ತದೆ. ಇದನ್ನು ನಾನು ಅಕ್ಕನಿಗೆ ಮೊದಲೇ ಹೇಳಬೇಕಿತ್ತು. ಮರೆತಿದ್ದೆ.

ಮನೆಯಲ್ಲಿ

ಮಾರನೇ ದಿನ ಮನೆಗೆ ಬಂದೆವು. ಅವಳಿಗೆ ನೋವು ಅಂದುಕೊಂಡಷ್ಟು ಇರಲಿಲ್ಲ. ಕಷ್ಟ ಕೊಟ್ಟಿದ್ದು ಕಟ್ಟಿದ ಮೂಗು. ಬಾಯಲ್ಲೇ ಉಸಿರು, ಬಾಯೆಲ್ಲ ಒಣಗುವುದು, ಅನ್ನಕ್ಕೆ ರುಚಿ ಇಲ್ಲ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗುವುದು. ಮೂರನೇ ದಿನ ಮುಖ ಅತೀ ಜಾಸ್ತಿ ಊದಿತು, ಕಣ್ಣಿನ ಕೆಳಗೆ ನೇರಳೆ ಹಣ್ಣಿನ ಬಣ್ಣ. ಅದು ಹಳದಿಯಾಗಿ ಹೋಗಲು ಹನ್ನೆರಡು ದಿನ ಹಿಡಿಯಿತು.

ನಾಲ್ಕನೇ ದಿನ ತಪ್ಪು ನನ್ನದು. ಸಾರಿಗೆ ಒಗ್ಗರಣೆ ಹಾಕಿದೆ, ಬ್ಯಾಡಗಿ ಮೆಣಸಿನಕಾಯಿ ಹೊಗೆ ಮನೆಯೆಲ್ಲ ಹರಡಿತು. ಸೀನು ಬಂದರೆ ಬಾಯಿ ತೆರೆದು ಸೀನು ಅಂತ ಹೇಳಿಕೊಟ್ಟಿದ್ದೆ. ಅವಳು ಗಾಬರಿಯಲ್ಲಿ ಬಾಯಿ ಮುಚ್ಚಿ ತಡೆದಳು. ಒಳಗಿನ ಒತ್ತಡಕ್ಕೆ ರಕ್ತ ಬಂತು. ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಗಾಜ್ ಇಟ್ಟು ಡಾಕ್ಟರಿಗೆ ಫೋನ್ ಮಾಡಿದೆ. ಹದಿನೈದು ನಿಮಿಷದಲ್ಲಿ ನಿಂತಿತು. 28 ವರ್ಷ ಬೇರೆಯವರಿಗೆ ಬುದ್ಧಿ ಹೇಳಿದವಳು ಅವತ್ತು ಅಡುಗೆಮನೆಯಲ್ಲಿ ಕೂತು ಬೆವೆತೆ. ಮುಂದಿನ ಎರಡು ವಾರ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ. ಬರೀ ಮೊಸರನ್ನ, ಗಂಜಿ, ತಿಳಿಸಾರು.

ಮೊದಲ ಎರಡು ದಿನ ಗುಲಾಬಿ ಬಣ್ಣದ ನೀರು ಜಿನುಗುವುದು ಸರಿ. ಗಾಜ್ ಮೇಲೆ ಗಾಜ್ ತೊಯ್ದರೆ, ಜ್ವರ ಬಂದರೆ, ನೋವು ಇಳಿಯುವ ಬದಲು ಏರುತ್ತ ಎರಡೂ ಕಡೆ ಪೂರ್ತಿ ಕಟ್ಟಿಕೊಂಡರೆ ಮಾತ್ರ ರಾತ್ರಿಯಾದರೂ ಹೊರಡಬೇಕು. ನಡುಗೋಡೆಯ ಪಕ್ಕ ರಕ್ತ ತುಂಬಿಕೊಂಡಿದ್ದರೆ ಬೆಳಗಿನ ತನಕ ಕಾಯುವುದು ಮೂಗಿಗೆ ಒಳ್ಳೆಯದಲ್ಲ.

ಕನ್ನಡಕದ ಕಥೆ ಬೇರೆಯೇ. ಆರು ವಾರ ಮೂಗಿನ ಮೇಲೆ ಭಾರ ಬೀಳಬಾರದು. ಅವಳಿಗೆ ಮೈನಸ್ ನಾಲ್ಕು ಪವರ್. ಲೆನ್ಸ್ ಹಾಕುವಷ್ಟು ಕಣ್ಣಿನ ಬಾವು ಇಳಿಯುವವರೆಗೆ ಕನ್ನಡಕವನ್ನು ಹಣೆಗೆ ಟೇಪ್ ಹಚ್ಚಿ ತೂಗುಹಾಕಿದೆವು. ನನ್ನ ಯಜಮಾನರು ಫೋಟೋ ತೆಗೆಯಲು ಹೋಗಿ ಬೈಸಿಕೊಂಡರು.

ಏಳನೇ ದಿನದ ಅಳು ಮೊದಲೇ ಹೇಳಿದೆ. ತುದಿ ಊದಿ ಮೇಲಕ್ಕೆ ಎದ್ದಿತ್ತು, ಹೊಳ್ಳೆಗಳು ಎದುರಿಗೇ ಕಾಣುತ್ತಿದ್ದವು. ಆ ಬಾವು ಇಳಿದಂತೆ ತುದಿಯೂ ಇಳಿಯುತ್ತದೆ. ಪುಟ್ಟಿಗೆ ನಾನು ಎರಡು ತಿಂಗಳ ಮಟ್ಟಿಗೆ ಸೆಲ್ಫಿ ನಿಲ್ಲಿಸಿದೆ. ಮುಂಭಾಗದ ಮೇಲಿನ ಹಲ್ಲುಗಳಿಗೆ ಜೋಮು, ನಕ್ಕರೆ ತುಟಿ ಬಿಗಿ. ಹನ್ನೊಂದನೇ ದಿನದಿಂದ ಮನೆಯಿಂದಲೇ ಆಫೀಸ್ ಕೆಲಸ, ಕ್ಯಾಮರಾ ಬಂದ್.

ಬಾವು ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೂರನೇ ತಿಂಗಳಿಗೆ ಮೂಗಿನ ಬೆನ್ನು ಸರಿಯಾಗಿ ಕಂಡಿತು, ತುದಿ ಮಾತ್ರ ಬಟಾಟೆ ವಡೆಯ ಹಾಗೆ ಉಳಿದಿತ್ತು. ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಡಿಮೆ. ಉಪ್ಪಿನಕಾಯಿ ಜಾಸ್ತಿ ತಿಂದ ಮಾರನೇ ದಿನ ಇನ್ನೂ ಜಾಸ್ತಿ ಅಂತ ಅವಳ ದೂರು. ದಪ್ಪ ಚರ್ಮದವರಿಗೆ ಪೂರ್ತಿ ಇಳಿಯಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ. ನನಗೆ ಕಷ್ಟ ಆಗಿದ್ದು ಈ ಕಾಲವೇ. ನೋವಿಲ್ಲ, ಗಾಯವಿಲ್ಲ, ಮಾಡಲು ಏನೂ ಇಲ್ಲ. ಅವಳು ದಿನಾ ಕೇಳುವುದು, "ಇಳಿದದ ಮೌಶಿ?" ನಾನು ದಿನಾ ಸ್ವಲ್ಪ ಅನ್ನುವುದು. ನಿನ್ನೆ ಇದ್ದದ್ದಕ್ಕೂ ಇವತ್ತಿಗೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ, ಸುಮ್ನೆ ಅನ್ನುತ್ತಿದ್ದೆ.

ಆದರೆ ಒಂದು ರಾತ್ರಿ ಎದ್ದು ನೋಡಿದಾಗ ಅವಳು ಬಾಯಿ ಮುಚ್ಚಿ ಮಲಗಿದ್ದಳು.

ದೀಪಾವಳಿಗೆ ಧಾರವಾಡಕ್ಕೆ ಹೋದೆವು. ಐದು ತಿಂಗಳಾಗಿತ್ತು. ಅವ್ವನಿಗೆ ನಾವು ಆಪರೇಷನ್ ವಿಷಯ ಪೂರ್ತಿ ಹೇಳಿರಲಿಲ್ಲ, ಉಸಿರಿಗೆ ಅಂತ ಹೇಳಿದ್ದೆವು. ಅವ್ವ ಮೊಮ್ಮಗಳ ಗದ್ದ ಹಿಡಿದು ಆ ಕಡೆ, ಈ ಕಡೆ ತಿರುಗಿಸಿ ನೋಡಿದಳು. ನಾವೆಲ್ಲ ಉಸಿರು ಬಿಗಿಹಿಡಿದೆವು. "ಮೂಗುಬಟ್ಟು ಎಲ್ಲಿ ಕಳಕೊಂಡಿ?" ಅಂದಳು. ಉಬ್ಬಿನ ಬಗ್ಗೆ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಗೊತ್ತಾಗಲಿಲ್ಲವೋ, ಗೊತ್ತಾಗಿ ಬಿಟ್ಟಳೋ.

ವರ್ಷದ ಕೊನೆಗೆ

ಹನ್ನೆರಡನೇ ತಿಂಗಳು ಡಾಕ್ಟರ್ ಮತ್ತೆ ಅದೇ ಐದು ಕೋನದಿಂದ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟರು. ಉಬ್ಬು ಇಲ್ಲ. ಪಕ್ಕದಿಂದ ಗೆರೆ ನೇರ. ಎಡ ಹೊಳ್ಳೆ ಚೆನ್ನಾಗಿ ಉಸಿರಾಡುತ್ತದೆ. ಕೆಳಗಿನ ಗಾಯದ ಗೆರೆಯನ್ನು ಹುಡುಕಿ ನೋಡಬೇಕು. ತುದಿ ಚಿಕ್ಕದಾಗಿದೆ, ಆದರೆ ಸ್ವಲ್ಪವೇ, ಅವರು ಅಂದ ಹಾಗೇ. ಎಡಪಕ್ಕದಲ್ಲಿ ಮೂಳೆ ಮುರಿದ ಕಡೆ ಒಂದು ಸಣ್ಣ ತಗ್ಗು ಉಳಿದಿದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಕಾಣುತ್ತದೆ. ಪುಟ್ಟಿ ಅದನ್ನು ಬೆರಳಿಟ್ಟು ತೋರಿಸಿದಳು.

"ಬೇಕಾದರೆ ಸರಿ ಮಾಡೋಣ. ಸಣ್ಣ ಕೆಲಸ" ಅಂದರು ಡಾಕ್ಟರ್.

"ಮತ್ತೆ ಪ್ಲಾಸ್ಟರಾ?"

"ಐದಾರು ದಿನ."

"ನಕೋ", ಬೇಡ, ಅಂದಳು, ತಕ್ಷಣ. ಆಮೇಲೆ ಕೇಳಿದಳು, "ಮೂಗು ಚುಚ್ಚಿಸಬಹುದಾ?" ಹಳೆಯ ತೂತು ಮುಚ್ಚಿಹೋಗಿತ್ತು. ಈಗ ಅಡ್ಡಿಯಿಲ್ಲ ಅಂದರು.

ಅಲ್ಲಿಂದ ನೇರ ಲಕ್ಷ್ಮಿ ರಸ್ತೆಯ ಒಂದು ಚಿನ್ನದ ಅಂಗಡಿಗೆ ಹೋದೆವು. ಡಬ್ಬಿಯಲ್ಲಿದ್ದ ಅಜ್ಜಿಯ ಮೂಗುಬಟ್ಟು ನನ್ನ ಪರ್ಸಿನಲ್ಲಿತ್ತು. ಅಂಗಡಿಯಾತ ಯಾವ ಕಡೆ ಅಂತ ಕೇಳಿದ. ಪುಟ್ಟಿ ಕನ್ನಡಿಗೆ ಪಕ್ಕ ತಿರುಗಿ ನೋಡಿಕೊಂಡು ಎಡಕ್ಕೇ ಅಂದಳು, ಆ ತಗ್ಗಿನ ಕಡೆಗೇ. ಚುಚ್ಚಿದ ಕೂಡಲೇ ಕಣ್ಣಲ್ಲಿ ನೀರು ಬಂದು ಒಂದು ದೊಡ್ಡ ಸೀನು ಬಂತು. ಬಾಯಿ ಅಗಲವಾಗಿ ತೆರೆದು ಸೀನಿದಳು, ಅಂಗಡಿಯವನು ಹಿಂದಕ್ಕೆ ಸರಿದ.